ಗುರುಪುತ್ರಪ್ಪನವರ ಕಂಪ್ಯೂಟರ್ ತೊಟ್ಟಿಲು

ಸುಮ್ಮನೆ ಕೂತಿದ್ದರೆ ಯಾರಿಗೂ ತಂಟೆಯಿಲ್ಲದ ಮನುಷ್ಯ ಗುರುಪುತ್ರಪ್ಪನವರು. ಆದರೆ ಸುಮ್ಮನೆ ಕೂಡುವುದು ಅವರಿಗೆ ಕಚೇರಿಯಲ್ಲಷ್ಟೇ ಸಾಧ್ಯವಿತ್ತು. ಚೊಚ್ಚಲ ಬಸುರಿ ಮಗಳು ನೇತ್ರಾಳ ಕುಬಸದ ದಿನ ಖಾನಾಪುರದ ಬೀಗರ ಮನೆಯಲ್ಲಿ, ಎರಡನೆಯ ಹೋಳಿಗೆ ಮುಗಿದು ಮೂರನೆಯದು ಇನ್ನೂ ಎಲೆಗೆ ಬೀಳದ ಆ ಅಪಾಯದ ಹೊತ್ತಿನಲ್ಲಿ, ಅವರು ಬಾಯಿ ತೆರೆದರು.

ಮಾತು ತೊಟ್ಟಿಲಿನದಾಗಿತ್ತು. ಚೊಚ್ಚಲ ಕೂಸಿಗೆ ತೊಟ್ಟಿಲು ತವರಿನವರದು. ಬೀಗತಿ ಬಸವಣ್ಣೆವ್ವ ಗುರುಪುತ್ರಪ್ಪನವರ ಹೆಂಡತಿ ಗೌರವ್ವನಿಗೆ, "ಕಲಘಟಗಿ ತೊಟ್ಟಿಲಾ ತರ್ತೀರಿ, ಹೌದಲ್ರೀ?" ಎಂದು ಕೇಳಿದರು. ಗೌರವ್ವ "ಹೌದ್ರಿ" ಎನ್ನುವುದರೊಳಗೆ ಗಂಡಸರ ಪಂಕ್ತಿಯಿಂದ ಉತ್ತರ ಬಂತು.

"ಕಲಘಟಗೀದು ಎಲ್ಲಾರೂ ತರ್ತಾರ್ರೀ. ನಾ ಕಂಪ್ಯೂಟರಿನ್ಯಾಗ ಮಾಡತೇನಿ."

ಪಂಕ್ತಿಯೆಲ್ಲ ಅವರ ಕಡೆ ತಿರುಗಿತು. ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಮಾತ್ರ, "ಕೂಸಿಗೆ ಕರೆಂಟ್ ಹೊಡದ್ರ?" ಎಂದಳು.

"ಹೊಡ್ಯಂಗಿಲ್ಲಬೇ ಯವ್ವಾ! ಡಿಸೈನ್ ಅಷ್ಟ ಕಂಪ್ಯೂಟರಿನ್ಯಾಗ. ತೊಟ್ಟಿಲಾ ಹೊರಗ."

ಬೀಗರು ರಾಯಪ್ಪನವರಿಗೆ ಇಟ್ಟಂಗಿ ಭಟ್ಟಿ ಇತ್ತು. ಭಟ್ಟಿಯ ಆಚೆ ದಂಡೆಯ ಆಳಿಗೆ ಕೂಗಿ ಕೂಗಿ, ಮಗ್ಗುಲಲ್ಲಿ ಕೂತವರ ಜೊತೆಗೂ ಅದೇ ದನಿಯಲ್ಲಿ ಮಾತಾಡುವ ರೂಢಿಯಾಗಿತ್ತು. "ಛಲೋ ಆತು! ಕಟಗಿ ನಾವು ಕೊಡ್ತೇವಿ. ಖಾನಾಪುರದಾಗ ಸಾಗವಾನಿಗೇನು ಬರಾ ಬಿದ್ದೈತಿ? ಸಾತಪ್ಪ ಸುತಾರ ನಮ್ಮ ಬಾಜೂಕ ಅದಾನ. ನೀವು ಬರೇ ಚಿತ್ರಾ ತರ್ರಿ. ಆದ್ರ ಒಂದ ಮಾತು ಬೀಗರ, ಹೆಸರಿಡೂ ದಿನ ತೊಟ್ಟಿಲಾ ಬೇಕು. ನಮ್ಮ ಮನಿ ಮೊದಲನೇ ಕೂಸಿಗೆ ಚಾಪಿ ಮ್ಯಾಲ ಮಲಗಿಸಿ ಹೆಸರಿಟ್ರ, ಖಾನಾಪುರದಾಗ ನಾ ತಲಿ ಎತ್ತಂಗಿಲ್ಲ, ನಿಮ್ಮದೂ ಎತ್ತಗೊಡಂಗಿಲ್ಲ."

ಗೌರವ್ವ ಗಂಡನ ಕಡೆ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಬಾಯಿ ತೆರೆಯದೆ ಎಷ್ಟು ಮಾತಾಡಬಲ್ಲಳೋ ಅಷ್ಟನ್ನೂ ಆ ನೋಟದಲ್ಲಿ ಆಡಿದಳು. ಗುರುಪುತ್ರಪ್ಪನವರು ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ಈ ಧೈರ್ಯ ಅವರಿಗೆಲ್ಲಿಂದ ಬಂತೆಂದು ಹೇಳದಿದ್ದರೆ ಅನ್ಯಾಯವಾದೀತು. ಸಾಲೆಯಲ್ಲಿದ್ದಾಗ ಅವರು ಎಲಿಮೆಂಟರಿ ಡ್ರಾಯಿಂಗ್ ಪರೀಕ್ಷೆ ಪಾಸಾಗಿದ್ದರು. ಅದರ ಮೇಲಿನ ಪರೀಕ್ಷೆಯಲ್ಲಿ ಕೊಡ ಬರೆಯಲು ಹೇಳಿದ್ದಕ್ಕೆ ಅವರು ಬರೆದದ್ದನ್ನು ನೋಡಿದ ಪರೀಕ್ಷಕರು ಅದನ್ನು ಕುಂಬಳಕಾಯಿ ಎಂದು ತಿಳಿದರು. ಅಲ್ಲಿಗೆ ಕಲೆಯ ಅಧ್ಯಾಯ ಮುಗಿಯಬೇಕಿತ್ತು. ಮುಗಿಯಲಿಲ್ಲ. ಹೆಡ್ ಕ್ಲಾರ್ಕ್ ಆದ ಮೇಲೂ ಕಚೇರಿಯ ಸೈಕಲ್ ಸ್ಟ್ಯಾಂಡಿನ ನಕ್ಷೆ, ಚಹಾ ಟ್ರೇಯ ನಕ್ಷೆ, ಸಾಹೇಬರ ಕುರ್ಚಿಯಿಂದ ಫ್ಯಾನಿನವರೆಗಿನ ನಕ್ಷೆ ಎಂದು ಗೆರೆ ಎಳೆಯುತ್ತಲೇ ಇದ್ದರು. ಯಾರೂ ಕೇಳಿರಲಿಲ್ಲ. ಕೇಳದೆ ಮಾಡುವುದಕ್ಕೇ ಹವ್ಯಾಸ ಎನ್ನುತ್ತಾರೆ.

ಹೋದ ದಸರೆಗೆ ಕಂಪ್ಯೂಟರ್ ಬಂದಿತ್ತು. ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಹಳೆಯ ಪರದೆಯ ಬಟ್ಟೆಯಿಂದ ಗವಸು ಹೊಲಿದು ತೊಡಿಸಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕೆಂದು ಕಾಯಿದೆ ಮಾಡಿದ್ದಾಗಿತ್ತು. ಇಷ್ಟು ಮಡಿಯಲ್ಲಿ ಅವರು ಅದರ ಮೇಲೆ ಇದುವರೆಗೆ ಮಾಡಿದ ಕೆಲಸವೆಂದರೆ ಇಸ್ಪೀಟು ಆಡುವುದು.

ಖಾನಾಪುರದಿಂದ ಬೆಳಗಾವಿಗೆ ಬಂದ ಮರುದಿನವೇ ಅವರು ದಂಡಿನ ಕ್ಯಾಂಪಿಗೆ ಹೋದರು. ಅಲ್ಲಿ ಒಂದು ಹಳೆಯ ಬಂಗಲೆಯ ಕುದುರೆಲಾಯದಲ್ಲಿ ಗಜಾನನ ಎಂಬ ತರುಣ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ.

"ನಕ್ಷಾ ತಗಿಯೂ ಸಾಫ್ಟ್‌ವೇರ್ ಎರಡ ಅದಾವ್ರಿ ಸರ್," ಎಂದ ಗಜಾನನ. "ಒಂದು ಆಟೋಕ್ಯಾಡ್. ಇನ್ನೊಂದು ಡ್ರಾ ಮಾಸ್ಟರ್ ಅಂತ, ಮ್ಯಾಗಜಿನ್ ಜೋಡಿ ಪುಕ್ಕಟ ಸೀಡಿ ಬಂದೈತಿ, ಒಂದ ತಿಂಗಳಾ ಅಷ್ಟ ನಡೀತೈತಿ. ನಿಮಗೇನು ಮಾಡೂದೈತ್ರಿ?"

"ತೊಟ್ಟಿಲಾ."

ಸೇತುವೆ ಮತ್ತು ಅಪಾರ್ಟ್‌ಮೆಂಟುಗಳ ಆಚೆ ಯೋಚಿಸಿರದ ಗಜಾನನ ಸ್ವಲ್ಪ ಸುಧಾರಿಸಿಕೊಂಡ. "ತೊಟ್ಟಿಲಕ್ಕ ಡ್ರಾ ಮಾಸ್ಟರ್ ರಗಡ ಆತ್ರಿ. ಮನ್ಯಾಗ ಹವ್ಯಾಸಕ್ಕ ಮಾಡಾವ್ರಿಗೆ ಅಂತನ ಇರೂದು ಅದು."

"ಅಂದ್ರ ಆಟೋಕಾಡ್ ಯಾರಿಗೆ?"

"ಆಟೋಕ್ಯಾಡ್ ಇಂಜಿನಿಯರ್ ಮಂದಿಗ್ರಿ. ಮತ್ತ ಅದು ಕಾಡ್ ಅಲ್ರಿ ಸರ್, ಕ್ಯಾಡ್."

"ಕ್ಯಾ ಅಂದ್ರ ಹಿಂದಿ ಆಗತೈತಿ," ಎಂದರು ಗುರುಪುತ್ರಪ್ಪನವರು ಗಂಭೀರವಾಗಿ. "ನಾವು ಕನ್ನಡದವರು, ಕಾಡ್ ಅಂತೇವಿ. ಎರಡೂ ಕೊಡು. ನಾ ನೋಡಿ ಆರಸತೇನಿ."

ಗಜಾನನ ಆಟೋಕ್ಯಾಡಿನ ಸೀಡಿಯ ಮೇಲೆ ಕರಿ ಸ್ಕೆಚ್‌ಪೆನ್ನಿನಲ್ಲಿ ಹೆಸರು ಬರೆದು, "ಇದು ಕಾಪಿ ಐತ್ರಿ. ಯಾರ ಮುಂದೂ ಅನಬ್ಯಾಡ್ರಿ, ನಾವಿಬ್ರೂ ಹಿಂಡಲಗಾದಾಗ ಕ್ಲಾಸ್ ತಗೀಬೇಕಾಗತೈತಿ" ಎಂದು ಕೊಟ್ಟ. ಜೈಲಿನ ಹೆಸರು ಕೇಳಿದ ಮೇಲೆ ಗುರುಪುತ್ರಪ್ಪನವರಿಗೆ ಆ ಸೀಡಿಯ ಮೇಲೆ ಗೌರವ ಇಮ್ಮಡಿಯಾಯಿತು.

ಮನೆಗೆ ಬಂದು ಮೊದಲು ಅದನ್ನೇ ಹಾಕಿದರು. ಪರದೆ ಕಪ್ಪಗಾಯಿತು. ಕೆಳಗೆ ಒಂದು ಮೂಲೆಯಲ್ಲಿ 'ಕಮಾಂಡ್' ಎಂದು ಬರೆದುಕೊಂಡು ಅದು ಕಾಯುತ್ತ ಕುಳಿತಿತು. ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ ಇದುವರೆಗೆ ಗುರುಪುತ್ರಪ್ಪನವರ ಅಪ್ಪಣೆಗಾಗಿ ಯಾರೂ ಕಾದವರಿಲ್ಲ. ಸ್ವಲ್ಪ ಹೊತ್ತು ಕೈಮುಗಿದವರಂತೆ ಕೂತು, ಬಂದ್ ಮಾಡಿ, ಇನ್ನೊಂದನ್ನು ಹಾಕಿದರು. ಡ್ರಾ ಮಾಸ್ಟರಿನಲ್ಲಿ ಎಲ್ಲವೂ ತಯಾರಾಗಿಯೇ ಇತ್ತು: ಸೋಫಾ, ಈಜುಕೊಳ, ತಾಳೆಮರ, ನಾಯಿಗೂಡು, ಮಲಗಿ ಸ್ನಾನ ಮಾಡುವ ತೊಟ್ಟಿ. ಯಾವುದನ್ನು ಬೇಕಾದರೂ ಎತ್ತಿ ಇಟ್ಟು, ಗಿರ್ರನೆ ತಿರುಗಿಸಿ, ಹಿಂದು ಮುಂದು ನೋಡಬಹುದಿತ್ತು. ತೊಟ್ಟಿಲು ಮಾತ್ರ ಇರಲಿಲ್ಲ. ಗುರುಪುತ್ರಪ್ಪನವರು ನಾಯಿಗೂಡನ್ನು ಮಧ್ಯಾಹ್ನವೆಲ್ಲ ತಿರುಗಿಸಿದರು.

ಅಂದಿನಿಂದ ಶುರುವಾದದ್ದು ಆಯ್ಕೆ. ಒಂದರಲ್ಲಿ ಘನತೆ, ಇನ್ನೊಂದರಲ್ಲಿ ಸುಖ. ತಪ್ಪು ಸಾಫ್ಟ್‌ವೇರಿನಲ್ಲಿ ಎಳೆದ ಸರಿಯಾದ ಗೆರೆಯೂ ತಪ್ಪೇ ಎಂಬ ಸಿದ್ಧಾಂತಕ್ಕೆ ಬಂದು, ಇತ್ಯರ್ಥವಾಗುವವರೆಗೆ ಒಂದೂ ಗೆರೆ ಎಳೆಯಬಾರದೆಂದು ನಿಶ್ಚಯಿಸಿದರು. ಕಚೇರಿಯ ಇಂಜಿನಿಯರನ್ನು ಕೇಳಿದರು. ಅವನು ಮೊದಲನೆಯದು ಅಂದ. ಅವನೊಂದಿಗೆ ಮಾತು ಬಿಟ್ಟಿದ್ದ ಇನ್ನೊಬ್ಬ ಇಂಜಿನಿಯರ್ ಆ ಕಾರಣಕ್ಕೇ ಎರಡನೆಯದು ಅಂದ. ಕ್ಷೌರ ಮಾಡುವ ಹಣಮಪ್ಪನನ್ನೂ ಕೇಳಿದರು. ಅವನು "ಮಿಶಿನ್ ಯಾವುದರೇ ಇರಲ್ರಿ, ಕೈ ಛಲೋ ಇರಬೇಕು" ಎಂದು ಹೇಳುತ್ತಿರುವಾಗಲೇ ಕಿವಿಯ ಹತ್ತಿರ ಕೊಯ್ದ.

ಇತ್ತ ತವರಿಗೆ ಬಂದ ನೇತ್ರಾಳ ಹೊಟ್ಟೆ ದಿನೇದಿನೇ ಮುಂದೆ ಬರುತ್ತಿತ್ತು. ತೊಟ್ಟಿಲು ಒಂದಿಂಚೂ ಮುಂದೆ ಬಂದಿರಲಿಲ್ಲ.

"ಸಾಹೇಬ್ರು ಖೋಲ್ಯಾಗ ಕುಂತು ಏನ್ ಮಾಡ್ತಾರ್ರೀ ಕಾಕೂ?" ಎಂದು ಕೇಳಿದಳು ಮಗ್ಗುಲ ಮನೆಯ ಪದ್ಮವ್ವ.

"ಏನ್ ಹೇಳ್ಲೆವ್ವಾ. ಆಟೋ ಅಂತಾರ, ಡ್ರಾಮಾ ಮಾಸ್ತರ ಅಂತಾರ. ಎರಡರಾಗ ಯಾವುದು ಛಲೋ ಅಂತ ಹಗಲೆಲ್ಲಾ ಅದ ವಿಚಾರ."

ಪದ್ಮವ್ವನ ಗಂಡ ಮಾಯಪ್ಪ ಆಟೋರಿಕ್ಷಾ ಹೊಡೆಯುವವನು. ಸರಕಾರಿ ನೌಕರಿಯ ಮನುಷ್ಯ ತನ್ನ ಧಂಧೆಗೆ ಕಣ್ಣು ಹಾಕಿದ್ದಾನೆಂದು ತಿಳಿದು ಅವನಿಗೆ ಅಭಿಮಾನವೂ ಆಯಿತು, ಹೊಟ್ಟೆಯುರಿಯೂ ಆಯಿತು. "ಡ್ರಾಮಾ ಮಾಸ್ತರ ಆಗಲಿ ಬಿಡ, ಮಾರಿ ಮೋತಿ ಅದಕ್ಕ ಹೊಂದತೈತಿ," ಎಂದ.

ಇನ್ನು ನಡೆದದ್ದು ಬೆಳಗಾವಿಯಲ್ಲಲ್ಲದೆ ಬೇರೆಲ್ಲೂ ನಡೆಯುವಂಥದಲ್ಲ. ಈ ಊರಿನಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಇಳಿಯುತ್ತದೆ; ಮನುಷ್ಯ ಯಾವ ಭಾಷೆಯಲ್ಲಿ ಗಾಬರಿಯಾಗುತ್ತಾನೆಂದು ಮೊದಲೇ ಹೇಳಲಾಗದು. ಒಂದು ಮಧ್ಯಾಹ್ನ ಗುರುಪುತ್ರಪ್ಪನವರು ಕಪ್ಪು ಪರದೆಯ ಮುಂದೆ ಕೂತಿದ್ದಾಗ ಅದು ಗಕ್ಕನೆ ನಿಂತುಬಿಟ್ಟಿತು. ಗಜಾನನನಿಗೆ ಫೋನ್ ಹಚ್ಚಿದರು. ಲೈನಿನಲ್ಲಿ ಗೊರಗೊರ ಸದ್ದು. ಗುರುಪುತ್ರಪ್ಪನವರು ಕಿಟಕಿಯ ಹತ್ತಿರ ನಿಂತು ಗಂಟಲು ಹರಿಯುವಂತೆ ಒದರಿದರು:

"ಆಟೋಕಾಡ್! ಆಟೋಕಾಡ್ ಅಂತೇನಿ! ಹೊರಗ ಬರವಲ್ಲದು! ಅಲ್ಲೇ ಸಿಕ್ಕೊಂಡು ನಿಂತೈತಿ! ಲಗೂನ ಏನರ ಮಾಡೋ ಮಾರಾಯಾ!"

ಮಗ್ಗುಲ ಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದ ಮಾಯಪ್ಪನಿಗೆ ಕೇಳಿಸಿದ್ದು ಶುದ್ಧ ಮರಾಠಿ. 'ಆಟೋ ಕಾಢ್!' ಅಂದರೆ ಆಟೋ ಹೊರಗೆ ತೆಗೆ. ದಿನ ತುಂಬುತ್ತಿರುವ ಬಸುರಿ ಇರುವ ಮನೆಯಿಂದ, ಅಪ್ಪನಾದವನು, ಹೊರಗೆ ಬರುತ್ತಿಲ್ಲ, ಸಿಕ್ಕಿಕೊಂಡಿದೆ ಎಂದು ಒದರಿದ ಮೇಲೆ ಯಾವ ಭಾಷೆಯಾದರೇನು? ಮಾಯಪ್ಪ ಕೈ ತೊಳೆಯದೆ ಎದ್ದ. ಪದ್ಮವ್ವ ಎರಡು ಹಳೆಯ ಸೀರೆ, ಒಂದು ತಂಬಿಗೆ ಬಿಸಿನೀರು ಹಿಡಿದು ನುಗ್ಗಿದಳು. ಗೌರವ್ವ ಹಿಟ್ಟಿನ ಗಿರಣಿಗೆ ಹೋಗಿದ್ದಳು. ನೇತ್ರಾ ಮಲಗಿದ್ದಳು.

"ಏಳವ್ವಾ, ನಡಿ!"

"ನನಗೇನಾಗೇತ್ರಿ ವೈನಿ?"

"ಚೊಚ್ಚಲದಾಗ ಎಲ್ಲಾರೂ ಹಿಂಗ ಕೇಳ್ತಾರ. ನಡಿ!"

ಆಟೋ ಹೊರಟುಹೋಯಿತು. ಮನೆ ಶಾಂತವಾಯಿತು. ಒಳಗಿದ್ದ ಗುರುಪುತ್ರಪ್ಪನವರು, ತಮ್ಮ ಕೆಲಸದ ಮಹತ್ವ ಕೊನೆಗೂ ಮನೆಯವರಿಗೆ ತಿಳಿದಂತಿದೆ ಎಂದು ಸಂತೋಷಪಟ್ಟರು.

ಹಿಟ್ಟಿನ ಡಬ್ಬಿ ಹೊತ್ತು ಬಂದ ಗೌರವ್ವ, "ನೇತ್ರಾ ಎಲ್ರೀ?" ಎಂದಾಗ, ಅವರು ಪರದೆಯಿಂದ ಕಣ್ಣು ತೆಗೆಯದೆ, "ಇಲ್ಲೇ ಎಲ್ಲೋ ಸೇವ್ ಆಗಿರ್ತಾಳ" ಎಂದರು.

ಆಸ್ಪತ್ರೆಯಲ್ಲಿ ನೇತ್ರಾಳನ್ನು ಮಲಗಿಸಿ, ಎಬ್ಬಿಸಿ, ಮತ್ತೆ ಮಲಗಿಸಿ ನೋಡಿದ ನರ್ಸಬಾಯಿ, "ಇಕಿಗೇನೂ ಆಗಿಲ್ಲ. ಕರಕೊಂಡು ಬಂದಾಂವಗ ಏನಾಗೇತಿ ನೋಡಬೇಕು" ಎಂದಳು. ಅಷ್ಟರಲ್ಲಿ ಪದ್ಮವ್ವನ ಫೋನಿನಿಂದ ಸುದ್ದಿ ಖಾನಾಪುರ ಮುಟ್ಟಿತ್ತು. ರಾಯಪ್ಪನವರು, ಬಸವಣ್ಣೆವ್ವ, ಅಳಿಯ ಗೌರೀಶ, ಆ ಮೂಲೆಯ ಮುದುಕಿ, ಎಲ್ಲರೂ ಇಟ್ಟಂಗಿ ಒಯ್ಯುವ ಟ್ರಕ್ಕಿನಲ್ಲಿ ಬಂದಿಳಿದರು. ಮೈಯೆಲ್ಲ ಕೆಂಪು ಧೂಳು. ಸೊಸೆ ಕಾಟಿನ ಮೇಲೆ ಕೂತು ಮೋಸಂಬಿ ಸುಲಿಯುತ್ತಿದ್ದಳು; ಓಣಿಯವರಿಂದ ಸುದ್ದಿ ತಿಳಿದು ಗೌರವ್ವ ಗಂಡನನ್ನೂ ಅಲ್ಲಿಗೆ ಎಳೆದುಕೊಂಡು ಬಂದಿದ್ದಳು.

"ಗಂಡೋ ಹೆಣ್ಣೋ?" ಎಂದು ಗರ್ಜಿಸಿದರು ರಾಯಪ್ಪನವರು.

"ಸಾಫ್ಟ್‌ವೇರ್ರೀ," ಎಂದರು ಗುರುಪುತ್ರಪ್ಪನವರು. ಬಡಪಾಯಿ ಮೊದಲಿನಿಂದ ವಿವರಿಸುವ ಆಸೆಯಲ್ಲಿದ್ದರು. "ಆಟೋಕಾಡ್ ಅಂತ ಒಂದೈತಿ, ಡ್ರಾ ಮಾಸ್ಟರ್ ಅಂತ ಒಂದೈತಿ..."

"ಅಂದ್ರ ಖರೇನ? ನೌಕರಿ ಬಿಟ್ಟು ಆಟೋ ಹೊಡೀತೀರಂತ, ಇಲ್ಲಾಂದ್ರ ಕಂಪನಿ ನಾಟಕದಾಗ ಮಾಸ್ತರ ಆಗ್ತೀರಂತ, ನಿಮ್ಮ ಓಣಿ, ಇಡೀ ಮಹಾಂತೇಶ ನಗರ ಅನ್ನಾಕತ್ತೈತಿ!"

"ಅಯ್ಯ, ಅದಲ್ರೀ ಬೀಗರ! ತೊಟ್ಟಿಲದ ಸಲುವಾಗಿ..."

"ತೊಟ್ಟಿಲಾ ಎಲ್ಲಿ ತನಕ ಬಂತು?"

"ಆಯ್ಕಿ ನಡದೈತ್ರಿ."

"ಕಟಗಿದಾ?"

"ಅಲ್ರಿ, ಸಾಫ್ಟ್‌ದು."

"ಗಾದಿ ಆಮ್ಯಾಲ ನೋಡೂಣ್ರಿ!" ಎಂದು ರಾಯಪ್ಪನವರು ಒದರಿದ ದನಿಗೆ ಮಗ್ಗುಲ ವಾರ್ಡಿನಲ್ಲಿ ಒಂದು ನಿಜವಾದ ಹೆರಿಗೆ ಬೇಗನೆ ಆಯಿತೆಂದು ಆಮೇಲೆ ನರ್ಸಬಾಯಿ ಹೇಳಿದಳು. ಅವಳ ಮಾತನ್ನು ನಂಬುವುದೂ ಬಿಡುವುದೂ ಓದುಗರಿಗೆ ಬಿಟ್ಟದ್ದು.

ಇಷ್ಟಾದ ಮೇಲೆ ಆಯ್ಕೆ ಆಗಲೇಬೇಕಾಯಿತು, ಆಯಿತು ಕೂಡ. ಅದನ್ನು ಗುರುಪುತ್ರಪ್ಪನವರು ಮಾಡಲಿಲ್ಲ. ನಾಯಿಗೂಡು ತಿರುಗಿಸುತ್ತ ತಿರುಗಿಸುತ್ತ ಡ್ರಾ ಮಾಸ್ಟರಿನ ಪುಕ್ಕಟೆ ತಿಂಗಳು ಮುಗಿದು, ಅದು ಒಂದು ದಿನ ಬಾಗಿಲು ಹಾಕಿಕೊಂಡಿತು. ಉಳಿದದ್ದು ಒಂದೇ. "ನಾ ಮೊದಲಿಂದ ಅದನ್ನ ಅನ್ನಾಕತ್ತಿದ್ದೆ," ಎಂದರು ಗುರುಪುತ್ರಪ್ಪನವರು.

ಆಮೇಲೆ ಕೂತು ಬರೆದರು. ಇಂಜಿನಿಯರರು ಹೇಗೆ ಬರೆಯುತ್ತಾರೋ ಹಾಗೆಯೇ ಬರೆದರು: ಒಂದೇ ತೊಟ್ಟಿಲು, ಮುಂದಿನಿಂದ ಕಂಡಂತೆ ಒಂದು ಚಿತ್ರ, ಮಗ್ಗುಲಿನಿಂದ ಒಂದು, ಮೇಲಿನಿಂದ ಒಂದು. ಅಷ್ಟರ ಮಟ್ಟಿಗೆ ಅದು ಸರಿಯಾಗಿಯೇ ಇತ್ತು, ಒಪ್ಪಬೇಕು. ಕಾಗದಕ್ಕಿಳಿಸಿ ಖಾನಾಪುರದ ಬಸ್ಸು ಹತ್ತಿದರು.

ಬಡಗಿ ಸಾತಪ್ಪ ಸುತಾರನಿಗೂ ತನ್ನ ಕಲೆಯ ಬಗ್ಗೆ ಕಡಿಮೆ ಅಭಿಪ್ರಾಯವಿರಲಿಲ್ಲ. ಯಾವ ಸಾಮಾನು ಮಾಡಲು ಹೇಳಿದರೂ ಅದರ ಮೇಲೆ ನವಿಲು ಕೂಡಿಸುವುದು ಅವನ ಚಟ. ಊರಿನ ಶವದ ಚಟ್ಟಕ್ಕೂ ಒಮ್ಮೆ ನವಿಲು ಕೆತ್ತಲು ಹೋಗಿ ಬೈಸಿಕೊಂಡಿದ್ದ. ಚಿತ್ರವನ್ನು ನೋಡುವ ಮೊದಲೇ ಕೇಳಿದ: "ಮೋರ ಎಲ್ಲಿ ಕುಂಡ್ರಸೂದು, ಸಾಹೇಬ?"

"ಮೋರ ಇಲ್ಲ, ಗೀರ ಇಲ್ಲ," ಎಂದರು ಗುರುಪುತ್ರಪ್ಪನವರು. "ಇದು ಕಂಪ್ಯೂಟರಿಂದು. ನಿನ್ನ ತಲಿ ಓಡಸಬ್ಯಾಡ. ಏನೂ ಕೇಳಬ್ಯಾಡ. ಇದರಾಗ ಹ್ಯಾಂಗೈತಿ ಹಂಗ ಮಾಡು."

ಸಾತಪ್ಪ ಕಾಗದದತ್ತ ನೋಡಿದ. ಏನೋ ಕೇಳಲು ಬಾಯಿ ತೆರೆದ. ನವಿಲಿನ ಅವಮಾನ ನೆನಪಾಗಿ ಮುಚ್ಚಿದ. "ಆತ್ರಿ. ಹ್ಯಾಂಗೈತಿ ಹಂಗ," ಎಂದ.

ಕೂಸು ಯಾರ ಆಯ್ಕೆಗೂ ಕಾಯದೆ ತನ್ನ ಹೊತ್ತಿಗೆ ಬಂತು. ಆ ದಿನ ಗೌರವ್ವ ಕಿಟಕಿಯಿಂದ "ಮಾಯಪ್ಪಾ, ಆಟೋ ತಗಿಯೋ!" ಎಂದು ಕೂಗಿದರೆ, ಮಾಯಪ್ಪ ಕೂತಲ್ಲಿಂದಲೇ, "ಯಾವ ಆಟೋರೀ ಕಾಕೂ? ಹೊರಗಿಂದೋ, ಕಂಪ್ಯೂಟರಿಂದೋ?" ಎಂದು ಕೇಳಿದ. ಪದ್ಮವ್ವ ಲಟ್ಟಣಿಗೆ ಎತ್ತಿದ ಮೇಲೆ ಎದ್ದ. ಗಂಡು ಕೂಸು, ಅಜ್ಜ ರಾಯಪ್ಪನವರ ದನಿ ಅದಕ್ಕೆ ಹುಟ್ಟುತ್ತಲೇ ಬಂದಿತ್ತು. ಅದು ಅಳಲು ಶುರುಮಾಡಿದರೆ ಮಹಾಂತೇಶ ನಗರದ ನಾಯಿಗಳು ನಾಚಿ ಸುಮ್ಮನಾಗುತ್ತಿದ್ದವು.

ಹೆಸರಿಡುವ ದಿನ ಮನೆ ತುಂಬ ಮಂದಿ. ಬೀಗರು ಬಂದು ಗೋಡೆಗೆ ಒರಗಿ ಕೂತರು. ತೊಟ್ಟಿಲು ಕಟ್ಟಲೆಂದು ನಡುಮನೆಯ ಜಂತೆಗೆ ಹೂವಿನ ಹಗ್ಗ ಕಟ್ಟಿಟ್ಟಿದ್ದರು. ಬಾಗಿಲಲ್ಲಿ ಮಾಯಪ್ಪನ ಆಟೋ ಬಂದು ನಿಂತಿತು; ಬಸ್ ಸ್ಟ್ಯಾಂಡಿನಿಂದ ಸಾತಪ್ಪನನ್ನೂ ಅವನ ಗೋಣಿಚೀಲದ ಗಂಟನ್ನೂ ತಂದಿತ್ತು. ಸಾತಪ್ಪ ಗಂಟನ್ನು ಬಿಚ್ಚಿ ಗೋಡೆಗೆ ಸಾಲಾಗಿ ನಿಲ್ಲಿಸಿದ.

ಒಂದು ಏಣಿ. ಒಂದು ಚೌಕಟ್ಟು, ನಡುವೆ ಪಟ್ಟಿ ಬಡಿದದ್ದು. ಇನ್ನೊಂದು, ಚಕ್ಕಡಿಗೆ ಆಸರೆ ಕೊಡುವಂಥ ಎರಡು ಕಾಲಿನ ಕವಲು. ಮೂರೂ ಚಪ್ಪಟೆ. ಮೂರಕ್ಕೂ ಮುಖ ಕಾಣುವಂತೆ ಪಾಲಿಶ್.

"ತೊಟ್ಟಿಲಾ?" ಎಂದಳು ಗೌರವ್ವ.

"ಚಿತ್ರದಾಗ ಮೂರ ಸಾಮಾನು ಇದ್ವು ವೈನಿ, ಮೂರೂ ಮಾಡೇನಿ," ಎಂದ ಸಾತಪ್ಪ, ಗುರುಪುತ್ರಪ್ಪನವರತ್ತ ಕೈ ತೋರಿಸಿ. "ತಲಿ ಓಡಸಬ್ಯಾಡ ಅಂದ್ರು, ಓಡಸಲಿಲ್ಲ. ಕೇಳಬ್ಯಾಡ ಅಂದ್ರು, ಕೇಳಲಿಲ್ಲ."

"ಅದು ಒಂದ ತೊಟ್ಟಿಲೋ!" ಗುರುಪುತ್ರಪ್ಪನವರು ಒಂದೊಂದನ್ನೇ ಮುಟ್ಟಿ ತೋರಿಸಿದರು. "ಮುಂದಿಂದ, ಮಗ್ಗಲಿಂದ, ಮ್ಯಾಲಿಂದ!"

"ಮ್ಯಾಲಿಂದ ಯಾರು ನೋಡ್ತಾರ್ರಿ? ಹಲ್ಲೀನ?"

ಯಾರೋ ಹೆಂಗಸು ನಕ್ಕಳು. ಏಣಿಯನ್ನು ಚೌಕಟ್ಟಿಗೆ ಆನಿಸಿ ನೋಡಿದರು. ಕವಲನ್ನು ತಲೆಕೆಳಗು ಮಾಡಿ ನೋಡಿದರು. ಮುದುಕಿ ಚೌಕಟ್ಟನ್ನು ತಟ್ಟಿ, "ಹಪ್ಪಳಾ ಒಣಗಸಾಕ ಛಲೋ ಐತಿ" ಎಂದಳು. ಆ ದಿನ ಗುರುಪುತ್ರಪ್ಪನವರಿಗೆ ಸಿಕ್ಕ ಮೆಚ್ಚುಗೆ ಅದೊಂದೇ.

ರಾಯಪ್ಪನವರು ಎದ್ದು ನಿಂತರು. ಅವರು ಒದರಲಿಲ್ಲ, ಸಣ್ಣ ದನಿಯಲ್ಲಿ, "ಗೌರೀಶಾ, ಕೂಸಿನ್ನ ತಗೋ. ಬಾಣಂತೀನ್ನೂ ಏಳಸು. ಹೆಸರು ನಮ್ಮ ಮನ್ಯಾಗ ಇಡೂಣು" ಎಂದರು. ಅವರ ಸಣ್ಣ ದನಿ ಕೇಳಿದವರಿಲ್ಲದ್ದರಿಂದ ಎಲ್ಲರೂ ಹೆದರಿದರು. ನೇತ್ರಾಳ ಕಣ್ಣು ತುಂಬಿತು. ಗೌರವ್ವ ಬಾಗಿಲಿಗೆ ಅಡ್ಡ ನಿಂತಳು. "ಬೀಗರ, ಚೊಚ್ಚಲ ಕೂಸಿಗೆ ತವರಾಗ ಹೆಸರಿಡದ ಹೊಸ್ತಿಲಾ ದಾಟಿದ್ರ, ನಾ ನಾಳೆ ಓಣ್ಯಾಗ ಹ್ಯಾಂಗ ತಿರಗ್ಲಿ?"

ಕೂಸು ಇದೆಲ್ಲ ಕೇಳಿ ಅಳಲು ಹಿಡಿಯಿತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು, ನಿಲ್ಲಲಿಲ್ಲ. ಬಸವಣ್ಣೆವ್ವ ಗಾಳಿಗೆಂದು ಅದನ್ನು ಹೊರಗೆ ಒಯ್ದರು. ಬಾಗಿಲಲ್ಲಿ ಮಾಯಪ್ಪನ ಆಟೋ ಇನ್ನೂ ಬಂದ್ ಆಗಿರಲಿಲ್ಲ. ಒಮ್ಮೆ ಬಂದ್ ಮಾಡಿದರೆ ಮತ್ತೆ ಹತ್ತುವುದಿಲ್ಲವೆಂದು ಅವನು ಅದನ್ನು ಗಡಗಡ ಅನ್ನಿಸುತ್ತಲೇ ಇಟ್ಟಿದ್ದ. ನಿಂತು ನಿಂತು ಕಾಲು ನೋವು ಬಂದು ಬಸವಣ್ಣೆವ್ವ ಹಿಂದಿನ ಸೀಟಿನ ಮೇಲೆ ಕೂತರು.

ಅಳು ನಿಂತಿತು.

ಬಸವಣ್ಣೆವ್ವ ಇಳಿದರು. ಅಳು ಶುರುವಾಯಿತು. ಹತ್ತಿದರು. ನಿಂತಿತು. ಕೂಸು ಕಣ್ಣು ಮುಚ್ಚಿ, ಗಡಗಡಕ್ಕೆ ಗಲ್ಲ ಅದುರಿಸಿಕೊಳ್ಳುತ್ತ ಮಲಗಿತು.

"ಏನ್ರೀ," ಎಂದು ಬಸವಣ್ಣೆವ್ವ ಒಳಗಿದ್ದ ಗಂಡನನ್ನು ಕರೆದರು. ಬೀಗತಿಗೂ ಭಟ್ಟಿಯ ದನಿ ಇತ್ತೆಂದು ಆಗ ಗೊತ್ತಾಯಿತು. "ಇದು ತೂಗತೈತಿ. ಇದರ ಕೂಡ ಜೋಗುಳಾನೂ ಐತಿ. ಹೆಂಗಸರ, ಆರತಿ ತರ್ರಿ. ಇಲ್ಲೇ ಇಡೂಣು."

ಹೆಸರಿಡುವಾಗ ತೊಟ್ಟಿಲಿನ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ಕೂಸನ್ನು ದಾಟಿಸಬೇಕು. ಅನುಕೂಲಕ್ಕೆ ಆಟೋದ ಎರಡೂ ಮಗ್ಗುಲು ಬಯಲು. ಈ ಕಡೆಯ ಹೆಂಗಸರು ಕೊಟ್ಟರು, ಆ ಕಡೆಯ ಹೆಂಗಸರು ತೆಗೆದುಕೊಂಡರು. ಹೂವಿನ ಹಗ್ಗ ಜಂತೆಯಿಂದ ಇಳಿದು ಹ್ಯಾಂಡಲಿಗೆ ಬಂತು. ಸೋದರತ್ತೆ, ಗೌರೀಶನ ತಂಗಿ, ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಪದ್ಧತಿಯಂತೆ ಎಲ್ಲರೂ ಅವಳ ಬೆನ್ನಿಗೆ ಗುದ್ದಿದರು. ಇಂಜಿನಿನ ಸದ್ದಿನಲ್ಲಿ ಹೆಸರು ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿಸಿದರು, ಮತ್ತೆ ಗುದ್ದಿದರು. ಕೊನೆಗೆ ಅವಳು ಸಿಟ್ಟಿನಿಂದ "ಚನ್ನವೀರ! ಚನ್ನವೀರ!" ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದಳು. ರಾಯಪ್ಪನವರು ಮೀಸೆಯೊಳಗೆ ನಗುತ್ತ ಮಾಯಪ್ಪನಿಗೆ ಪೇಟ ಸುತ್ತಿದರು; ತೊಟ್ಟಿಲು ತಂದವನಿಗೆ ಸಲ್ಲಬೇಕಾದ ಪೇಟ ಅದು. ಗುರುಪುತ್ರಪ್ಪನವರ ಪಾಲಿಗೆ ಒಂದು ತೆಂಗಿನಕಾಯಿ ಬಂತು.

ಸಾಯಂಕಾಲ, ಮಂದಿ ಹೋದ ಮೇಲೆ, ಅವರು ಗವಸು ಸರಿಸಿ ಕಂಪ್ಯೂಟರಿನ ಮುಂದೆ ಕೂತು ಗಜಾನನನಿಗೆ ಫೋನ್ ಹಚ್ಚಿದರು. "ತಪ್ಪು ನಂದಲ್ಲ. ಸಾಫ್ಟ್‌ವೇರ್ ಆರಸೂದರಾಗ ಸ್ವಲ್ಪ ಗಡಿಬಿಡಿ ಆತು. ಕೂಸಿಗೆ ಇನ್ನ ಗಾಡಾ ಬೇಕಾಗತೈತಿ, ನಡಿಯಾಕ ಕಲಿಯೂ ಮೂರ ಗಾಲಿದು. ಅದಕ್ಕ ಯಾವುದು ಛಲೋ? ಹೊಸಾದು ಏನರ ಬಂದೈತೇನು?"

ಗಜಾನನ ಉತ್ತರ ಹೇಳುವುದರೊಳಗೆ ನಡುಮನೆಯಲ್ಲಿ ಚನ್ನವೀರ ಎಚ್ಚರವಾದ. ಕಿಟಕಿಯ ಗಾಜು ನಡುಗಿತು. ಗೌರವ್ವ ಎತ್ತಿಕೊಂಡಳು, ನೇತ್ರಾ ಎತ್ತಿಕೊಂಡಳು, ಅಳು ಏರಿತು. ಗುರುಪುತ್ರಪ್ಪನವರು ರಿಸೀವರನ್ನು ಕೈಬಿಟ್ಟು, ಮೌಸನ್ನು ತಳ್ಳಿ, ಕಿಟಕಿಗೆ ಓಡಿ, ಯಾರ ಅಭಿಪ್ರಾಯವನ್ನೂ ಕೇಳದೆ, ಒಂದರ ಜೊತೆ ಇನ್ನೊಂದನ್ನು ತೂಗಿ ನೋಡದೆ, ಶುದ್ಧ ಮರಾಠಿಯಲ್ಲಿ ಒದರಿದರು:

"ಮಾಯಪ್ಪಾ! ಆಟೋ ಕಾ‌ಢ್!"